ಜರ್ಮನ್ ಶೆಟ್ಟರ ಇಪ್ಪತ್ತೆಂಟನೆಯ ಪುಸ್ತಕ

ಹಳೇಬೀಡಿನಲ್ಲಿ ಜರ್ಮನ್ ಭಾಷೆ ಬೆಳೆದು ಬಂದ ಬಗೆಯನ್ನು ಮುಂದೆ ಯಾರಾದರೂ ಸಂಶೋಧಿಸುವುದಾದರೆ ಅವರಿಗೆ ಹೆಚ್ಚು ಶ್ರಮವಿಲ್ಲ. ಅದು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ದಿನಸಿ ಅಂಗಡಿಯಲ್ಲಿ ಹುಟ್ಟಿತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬೆಲ್ಲ, ಬೇಳೆ, ಹುಣಸೆಹಣ್ಣುಗಳ ನಡುವೆ ಬಾಳಿತು. ಅಂಗಡಿಯ ಯಜಮಾನರು ತೀರಿಕೊಂಡ ದಿನ ತಾನೂ ತೀರಿಕೊಂಡಿತು. ಊರಿನಲ್ಲಿ ಆ ಭಾಷೆ ಬಲ್ಲವರ ಸಂಖ್ಯೆ ಅತ್ಯಂತ ಹೆಚ್ಚಾಗಿದ್ದ ಕಾಲದಲ್ಲಿ ಒಂದೂವರೆ ಇತ್ತು. ಒಂದು ಅವರು. ಅರ್ಧ ನಾನು.

ಅವರ ಹೆಸರು ಬರೆಯುವುದಿಲ್ಲ. ಎಲ್ಲಕ್ಕೂ ಮಿತಿ ಹಾಕಿಕೊಂಡು ಬದುಕಿದವರು. ಅಚ್ಚಿನಲ್ಲಿ ಹೆಸರು ಬರುವುದಕ್ಕೂ ಮನಸ್ಸಿನಲ್ಲಿ ಒಂದು ಮಿತಿ ಇಟ್ಟುಕೊಂಡಿದ್ದಿರಬಹುದು. ಊರವರು ಅವರನ್ನು ‘ಜರ್ಮನ್ ಶೆಟ್ಟರು’ ಎನ್ನುತ್ತಿದ್ದರು. ಬೆನ್ನ ಹಿಂದೆ ಎನ್ನುತ್ತಿದ್ದರು, ಮುಖದ ಮುಂದೆಯೂ ಎನ್ನುತ್ತಿದ್ದರು, ಅವರು ಎರಡಕ್ಕೂ ಒಂದೇ ಥರ ತಲೆಯಾಡಿಸುತ್ತಿದ್ದರು. ಬಸ್ತಿಹಳ್ಳಿಯ ಬಸದಿಗಳ ಆಸುಪಾಸಿನಲ್ಲಿ ನೆಲೆಸಿದ್ದ ಹತ್ತಾರು ಜೈನ ಮನೆತನಗಳಲ್ಲಿ ಅವರದೂ ಒಂದು. ಕೆರೆ ಹಿಂದೆ ಒಂದಿಷ್ಟು ಗದ್ದೆ, ಊರೊಳಗೆ ಈ ಅಂಗಡಿ.

ಅಂಗಡಿ ಎಂದರೆ ಅದಕ್ಕೂ ಅದರದೇ ಧರ್ಮವಿತ್ತು. ನೆಲದೊಳಗೆ ಬೆಳೆದದ್ದು ಅಲ್ಲಿ ಸಿಗುತ್ತಿರಲಿಲ್ಲ. “ಈರುಳ್ಳಿ ಐತಾ ಸ್ವಾಮಿ?” ಎಂದು ಯಾರಾದರೂ ಬಂದರೆ, “ಎದುರುಗಡೆ ಅಂಗಡಿಗೆ ಹೋಗಪ್ಪ, ನಿನ್ನೆ ಒಳ್ಳೇದು ಬಂದಿದೆ, ಬೆಲೇನೂ ಇಳಿದಿದೆ” ಎನ್ನುತ್ತಿದ್ದರು. ತಾವು ಮುಟ್ಟದ ಪದಾರ್ಥದ ಧಾರಣೆಯನ್ನು ಇಷ್ಟು ನಿಖರವಾಗಿ ಇಟ್ಟುಕೊಂಡ ವರ್ತಕರನ್ನು ನಾನು ಬೇರೆ ಕಂಡಿಲ್ಲ. ಸೂರ್ಯ ಮುಳುಗುವ ಮುಂಚೆ ಊಟವಾಗಬೇಕಾದ್ದರಿಂದ, ಬೇರೆ ಅಂಗಡಿಗಳಲ್ಲಿ ವ್ಯಾಪಾರ ಕುದುರುವ ಹೊತ್ತಿಗೆ ಅವರ ಹಲಗೆಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.

ನಾನು ಅರಸೀಕೆರೆಯವನು. ಹಳೇಬೀಡಿನ ಹೈಸ್ಕೂಲಿಗೆ ಕನ್ನಡ ಮೇಷ್ಟರಾಗಿ ಬಂದು, ಆ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಬಂದ ಮೊದಲ ವಾರ ಕಾಲು ಕೆಜಿ ತೊಗರಿಬೇಳೆ ಕಟ್ಟಿಸಿಕೊಂಡು ಹೊರಟವನನ್ನು ಹಿಂದಿನಿಂದ ಕರೆದರು.

“ಮೇಷ್ಟ್ರೆ, ಡಬ್ಬಿಗೆ ಸುರುವಿಕೊಂಡ ಮೇಲೆ ಆ ಕಾಗದ ತಂದುಕೊಡಿ.”

“ಯಾಕ್ರೀ?”

“ಬೇಳೆ ನಿಮ್ದು, ಕಾಗದ ನಂದು.”

ಇಂಥ ಜಿಪುಣರನ್ನು ಕಂಡಿರಲಿಲ್ಲ ಎಂದುಕೊಂಡು ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ, ಕಾಗದದ ಒಳಮೈಯಲ್ಲಿ ಪೆನ್ಸಿಲಿನಿಂದ ಏನೇನೋ ಬರೆದಿತ್ತು. ಒಂದು ಸಾಲು ಇಂಗ್ಲಿಷ್ ಅಕ್ಷರ, ಒಂದು ಸಾಲು ಕನ್ನಡ, ನಡುವೆ ಬಾಣದ ಗುರುತುಗಳು. ಕೆಳಗೆ, “ಗೆಲ್ಟ್. ಈಗ ದುಡ್ಡು. ಹಿಂದೆ ಕಪ್ಪ, ಕಾಣಿಕೆ, ದೇವರಿಗೆ ಒಪ್ಪಿಸಿದ್ದು. ನಮ್ಮ ‘ಹುಂಡಿ’ ನೋಡು” ಎಂದಿತ್ತು. ಅವರ ಕ್ರಮ ಆಮೇಲೆ ತಿಳಿಯಿತು. ಗಿರಾಕಿ ಇಲ್ಲದಾಗ ಕೈಗೆ ಸಿಕ್ಕ ಪೊಟ್ಟಣದ ಕಾಗದದ ಮೇಲೆ ಬರೆಯುವುದು. ಗಿರಾಕಿ ಬಂದಾಗ ಕೈಗೆ ಸಿಕ್ಕ ಕಾಗದದಲ್ಲಿ ಕಟ್ಟಿಕೊಡುವುದು. ಎರಡೂ ಕೈ ಒಂದೇ ಆದ್ದರಿಂದ ಅವರ ವಿದ್ವತ್ತೆಲ್ಲ ಊರ ಅಡಿಗೆಮನೆಗಳಿಗೆ ಹಂಚಿಹೋಗುತ್ತಿತ್ತು. ಮತ್ತೆ ಮನೆಮನೆಯಿಂದ ವಸೂಲಾಗಿ ಬರುತ್ತಿತ್ತು. ಕೆಲವು ಜೀರಿಗೆ ವಾಸನೆ ಹಿಡಿದು ಬರುತ್ತಿದ್ದವು, ಕೆಲವು ಬೆಲ್ಲ ಅಂಟಿಸಿಕೊಂಡು.

ಈ ಭಾಷೆ ಅವರಿಗೆ ಹೇಗೆ ಗಂಟುಬಿತ್ತು ಎಂದರೆ: ನಾನು ಬರುವುದಕ್ಕೆ ಕೆಲವು ವರ್ಷ ಮೊದಲು ಜರ್ಮನಿಯ ವಿದ್ವಾಂಸರೊಬ್ಬರು ಬಸದಿಗಳನ್ನು ಅಳೆಯಲು ಬಂದು ಮೂರು ತಿಂಗಳು ಊರಿನಲ್ಲಿದ್ದರು. ದಿನಾ ಬೆಳಿಗ್ಗೆ ಶೆಟ್ಟರ ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದರು. ಜೈನ ಶಾಸ್ತ್ರಗಳನ್ನು ಆ ದೇಶದವರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೂತು ಓದುತ್ತಿದ್ದಾರೆ ಎಂದು ಕೇಳಿ ಶೆಟ್ಟರಿಗೆ ಮೊದಲು ಹೆಮ್ಮೆಯಾಯಿತು, ಆಮೇಲೆ ನಾಚಿಕೆಯಾಯಿತು. “ನಮ್ಮ ಮನೆ ವಿಷಯ ಅವರಿಗೆ ಗೊತ್ತು, ಅವರೇನು ಬರೆದಿದಾರೆ ಅಂತ ನಮಗೇ ಗೊತ್ತಿಲ್ಲ, ಇದು ನ್ಯಾಯವೇನ್ರೀ?” ಹೊರಡುವಾಗ ಆ ಮನುಷ್ಯ ಮೂರು ಪುಸ್ತಕ ಕೊಟ್ಟು ಹೋದರು. ಜೈನ ಗೃಹಸ್ಥರ ವ್ರತಗಳ ಮೇಲೆ ಜರ್ಮನ್ನಿನಲ್ಲಿ ಬರೆದ ಒಂದು ತೆಳು ಪುಸ್ತಕ. ಇಂಗ್ಲಿಷ್ ಬಲ್ಲವರಿಗಾಗಿ ಬರೆದ ಸಣ್ಣ ಜರ್ಮನ್ ವ್ಯಾಕರಣ. ಮತ್ತು ಪದಗಳ ಹುಟ್ಟುಬೆಳವಣಿಗೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವ ದಪ್ಪ ನಿಘಂಟಿನ ಮೊದಲ ಸಂಪುಟ. ಎರಡನೆಯದು ಅವರ ಊರಿನಲ್ಲೇ ಉಳಿದಿತ್ತು. “ಕಳಿಸುತ್ತೇನೆ” ಎಂದರು. ಪಂಡಿತರು ‘ಕಳಿಸುತ್ತೇನೆ’ ಎಂದ ಪುಸ್ತಕ ಬರುವುದಕ್ಕೆ ಎಷ್ಟು ಕಾಲ ಬೇಕು ಎಂಬುದು ಎಲ್ಲ ದೇಶಗಳಲ್ಲೂ ಒಂದೇ.

ಹಾಗಾಗಿ ಶೆಟ್ಟರಿಗೆ ಜರ್ಮನ್ ಭಾಷೆ ಎ ಇಂದ ಕೆ ವರೆಗೆ ಬರುತ್ತಿತ್ತು. ಆಚೆಗೆ ಕತ್ತಲೆ.

ತೆಳು ಪುಸ್ತಕದ ಕೊನೆಯ ಅಧ್ಯಾಯ ಪರಿಗ್ರಹ ಪರಿಮಾಣದ ಮೇಲಿತ್ತು. ಮುನಿಗಳು ಎಲ್ಲವನ್ನೂ ಬಿಟ್ಟುಬಿಡುತ್ತಾರೆ, ಸಂಸಾರಿ ಬಿಡಲಾರ. ಅವನು ಗುರುಗಳ ಮುಂದೆ ನಿಂತು, ಹೊಲ ಇಷ್ಟು, ಮನೆ ಇಷ್ಟು, ಚಿನ್ನ ಬೆಳ್ಳಿ ಇಷ್ಟು, ದನ ಧಾನ್ಯ ಬಟ್ಟೆ ಪಾತ್ರೆ ಇಷ್ಟು, ಇದರ ಮೇಲೆ ನನಗೆ ಬೇಡ ಎಂದು ಮಿತಿ ಹೇಳುತ್ತಾನೆ. ಆ ವ್ರತವನ್ನು ವಿವರಿಸುವ ಪುಟದಲ್ಲಿ ಒಂದು ಪದ ಏಳು ಸಲ ಬರುತ್ತಿತ್ತು. ಫೆರ್ಮೋಗೆನ್. ಅದರ ‘ಮೋ’ವನ್ನು ಒಲೆ ಊದುವಾಗಿನಂತೆ ತುಟಿ ಚೂಪು ಮಾಡಿ ಹೇಳಬೇಕು. ಇದನ್ನು ಶೆಟ್ಟರು ಅಂಗಡಿಯಲ್ಲೇ ಅಭ್ಯಾಸ ಮಾಡುತ್ತಿದ್ದುದರಿಂದ ಅವರಿಗೆ ಹಲ್ಲುನೋವೆಂದು ಎಷ್ಟೋ ಜನ ತಿಳಿದಿದ್ದರು.

“ಆಸ್ತಿ ಅಂತಿರಬೇಕು” ಎಂದೆ.

“ಆಸ್ತಿಗೆ ‘ಹಾಬೆ’ ಅಂತಿದೆ, ನನ್ನ ಸಂಪುಟದಲ್ಲೇ ಇದೆ. ‘ಗೂಟ್’ ಅಂತಿದೆ. ಅವನ್ನೆಲ್ಲ ಬಿಟ್ಟು ಇವರು ಇದನ್ನ ಯಾಕೆ ಹಾಕಿದಾರೆ? ಏನಕ್ಕೆ ಮಿತಿ ಹಾಕಬೇಕು ಅಂತಾರೆ?”

ಅದು ಯಾವ ಅಕ್ಷರದಿಂದ ಶುರು ಎಂದು ಕೇಳಿದೆ. ವಿ ಎಂದರು. ಇಬ್ಬರೂ ಕೆಗೆ ಮುಗಿಯುವ ಆ ಸಂಪುಟದ ಬೆನ್ನು ನೋಡಿದೆವು.

ಊರಿಗೆ ಬರುವ ಪ್ರವಾಸಿಗಳಲ್ಲಿ ಜರ್ಮನರಿಗೆ ಕೊರತೆ ಇರಲಿಲ್ಲ. ಶೆಟ್ಟರು ದಿನಾ ಬಸದಿಗೆ ಹೋಗುವಾಗ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳ ಹತ್ತಿರ ಕಾಯುತ್ತಿದ್ದರು. ಆ ಕಂಬಗಳಲ್ಲಿ ತಮ್ಮ ಮುಖ ಸೊಟ್ಟಗೆ ಕಾಣುವುದನ್ನು ನೋಡಿ ನಗುವ ಬಿಳಿಯರ ಬೆನ್ನ ಹಿಂದೆ ನಿಂತು ಇವರು ಪ್ರಶ್ನೆ ಹಾಕುವರು. ಇವರ ಜರ್ಮನ್ ಪೂರ್ತಿ ಪುಸ್ತಕದಿಂದ ಬಂದದ್ದು. ಅವರ ಕಿವಿಗೆ ನಮ್ಮ ಶಾಸನವೊಂದು ಎದ್ದು ನಿಂತು ಮಾತಾಡಿದಂತೆ ಕೇಳಿಸಿರಬೇಕು. ಒಂದು ಭಾನುವಾರ ನಾನೂ ಜೊತೆಗಿದ್ದೆ. ಫೆರ್ಮೋಗೆನ್ ಅಂದರೇನು ಎಂದು ಕೇಳಿದ್ದಕ್ಕೆ ಒಬ್ಬ ದಪ್ಪ ಮುದುಕರು ನಕ್ಕು ಪ್ಯಾಂಟಿನ ಜೇಬನ್ನು ತಟ್ಟಿ ತೋರಿಸಿದರು. ಅವರ ಪಕ್ಕದಲ್ಲಿದ್ದ ಹುಡುಗಿ ಹಾಗಲ್ಲ ಎಂಬಂತೆ ತಲೆಯಾಡಿಸಿ, ತೋಳು ಮಡಚಿ ತೋರಿಸಿದಳು. ಆಮೇಲೆ ಅವರಿಬ್ಬರಿಗೇ ವಾದ ಹತ್ತಿತು. ಗೈಡ್ ಬಂದು, “ಶೆಟ್ಟರೇ, ನನ್ನ ಗಿರಾಕಿಗಳಿಗೆ ಜಗಳ ಹಚ್ಚಬೇಡ್ರೀ, ಇನ್ನೂ ಬೇಲೂರು ತೋರಿಸಬೇಕು” ಎಂದು ಅವರನ್ನು ಬಸ್ಸಿಗೆ ಹತ್ತಿಸಿದ.

“ನೋಡಿದ್ರಾ,” ಎಂದರು ಶೆಟ್ಟರು, ದಾರಿಯಲ್ಲಿ. “ಒಬ್ಬರು ಜೇಬು, ಒಬ್ಬರು ತೋಳು. ನಾನು ವ್ರತ ತಗೊಳ್ಳೋದಾದ್ರೆ ಯಾವುದಕ್ಕೆ ಕಟ್ಟು ಹಾಕಲಿ?”

ಅಂದಿನಿಂದ ಅವರಿಗೆ ಆ ಪದ ತಿಳಿಯದೆ ನಿದ್ದೆಯಿಲ್ಲ ಎಂಬಂತಾಯಿತು. ಕಾಯುವ ಕಾಲದಲ್ಲಿ ಕನ್ನಡವನ್ನೂ ಬಿಡಲಿಲ್ಲ. ಕನ್ನಡ ಮೇಷ್ಟರೊಬ್ಬ ಹಿತ್ತಲಲ್ಲೇ ಸಿಕ್ಕಿದ್ದನಲ್ಲ. “ಐಶ್ವರ್ಯ ಅಂದರೆ ಈಶ್ವರನ ಗುಣ, ಅಂದರೆ ಒಡೆತನ, ಅಲ್ವೇ? ಒಡವೆಗೂ ಒಡೆಯನಿಗೂ ನಂಟಿದೆಯಾ? ದ್ರವ್ಯ ಅಂದರೆ ಹರಿಯೋದು, ಹೌದು ತಾನೇ? ಅದಕ್ಕೇ ಕೈಲಿ ನಿಲ್ಲಲ್ಲ.” ಒಂದು ಸಂಜೆ ಹಲಗೆ ಮುಚ್ಚುತ್ತಾ, “ನಮ್ಮ ರೈತರು ಆಸ್ತಿಪಾಸ್ತಿಗೂ ಬದುಕು ಅಂತಾರೆ ನೋಡಿ. ‘ಬದುಕೆಲ್ಲ ಹೋಯ್ತು ಸ್ವಾಮಿ’ ಅಂತಾರೆ, ಆದ್ರೆ ಮನುಷ್ಯ ಎದುರಿಗೇ ನಿಂತಿರ್ತಾನೆ” ಎಂದರು. ನಾನು ಬಿ.ಎ.ಯಲ್ಲಿ ಭಾಷಾಶಾಸ್ತ್ರ ಓದಿದ್ದೆ. ಅದನ್ನು ಪರೀಕ್ಷೆಯ ಮರುದಿನವೇ ಮರೆತಿದ್ದೆ. ಈ ದಿನಸಿ ವರ್ತಕರ ದೆಸೆಯಿಂದ ಮತ್ತೆ ಓದಬೇಕಾಯಿತು.

ಅವರು ಅಷ್ಟಕ್ಕೇ ಬಿಡದೆ, ಆ ಜರ್ಮನ್ ವ್ಯಾಕರಣವನ್ನೂ ನನ್ನ ಕೈಗೆ ತುರುಕಿದರು. “ಓದಿ ಕೊಡಿ, ಅವಸರವಿಲ್ಲ.” ಅವಸರವಿಲ್ಲ ಎಂಬ ಮಾತನ್ನು ನಾನು ಬಹಳ ಶ್ರದ್ಧೆಯಿಂದ ಪಾಲಿಸಿದೆ. ನನ್ನ ಕೋಣೆಯ ಮೇಜಿನ ಒಂದು ಕಾಲು ಗಿಡ್ಡ. ಅಕ್ಕಿ ಡಬ್ಬಿಯ ಮುಚ್ಚಳ ಇಟ್ಟು ನೋಡಿದೆ, ಆಗಲಿಲ್ಲ; ಈ ವ್ಯಾಕರಣ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮೇಜು ಅಲ್ಲಾಡುವುದು ನಿಂತಿತು, ವ್ಯಾಕರಣ ನೆನಪಿನಿಂದ ಹೋಯಿತು.

ಶೆಟ್ಟರು ಎಂಥವರು ಎಂಬುದಕ್ಕೆ ಇನ್ನೊಂದು ಸಂಗತಿ ಹೇಳಬೇಕು. ಉಳುವವರಿಗೆ ಭೂಮಿ ಕೊಡುವ ಕಾನೂನು ಬಂದ ಕಾಲ ಅದು. ಜಮೀನಿದ್ದವರೆಲ್ಲ ರಾತ್ರೋರಾತ್ರಿ ಹೆಸರು ಬದಲಾಯಿಸುವುದರಲ್ಲಿ ಮುಳುಗಿದ್ದರು. ಭಾವಮೈದನ ಹೆಸರು, ತೀರಿಕೊಂಡ ಅಜ್ಜಿಯ ಹೆಸರು. ಒಬ್ಬರಂತೂ ಆರು ತಿಂಗಳ ಮೊಮ್ಮಗನನ್ನು ಸ್ವತಂತ್ರ ಬೇಸಾಯಗಾರನೆಂದು ತೋರಿಸಿದ್ದರು. ಶೆಟ್ಟರ ನಾಲ್ಕೆಕರೆಯನ್ನು ಮಾಡುತ್ತಿದ್ದ ಗೇಣಿದಾರ ಅರ್ಜಿ ಹಾಕಿದ. ಬೇಲೂರಿನಲ್ಲಿ ವಿಚಾರಣೆ. ಇವರ ನೆಂಟರು ವಕೀಲರನ್ನು ಗೊತ್ತು ಮಾಡಿಟ್ಟಿದ್ದರು. ಇವರು ಎದ್ದು ನಿಂತು, “ಹೌದು ಸ್ವಾಮಿ, ಅವನೇ ಉಳೋದು. ನನಗೆ ನೇಗಿಲು ಹಿಡಿಯೋಕೇ ಬರಲ್ಲ” ಎಂದುಬಿಟ್ಟರು. ವಕೀಲರಿಗೆ ಬಾಯಿ ಬಿಡುವ ಕೆಲಸವೇ ಉಳಿಯಲಿಲ್ಲ. ವಾಪಸು ಬರುವಾಗ ಶೆಟ್ಟರೂ ಗೇಣಿದಾರನೂ ಒಂದೇ ಸೀಟಿನಲ್ಲಿ ಕೂತು ಬಂದರಂತೆ. ಟಿಕೆಟ್ಟು ಗೇಣಿದಾರ ತೆಗೆಸಿದನಂತೆ. ನೆಂಟರು ಒಂದು ವರ್ಷ ಮಾತು ಬಿಟ್ಟರು. “ಬೇನಾಮಿ ಅಂದರೆ ಹೆಸರಿಲ್ಲದ್ದು ಅಂತ ಅರ್ಥ. ಹೆಸರಿಲ್ಲದ ಗದ್ದೇಲಿ ಬೆಳೆದ ಅನ್ನ ಯಾರು ಉಂಡ ಹಾಗೆ?” ಎಂದು ಕೇಳಿದರು ನನ್ನನ್ನು.

ಮುಂದೆ ಮೂರ್ನಾಲ್ಕು ವರ್ಷಕ್ಕೆ, ಬೆಳಗೊಳದ ಕಡೆಗೆ ಕಾಲ್ನಡಿಗೆಯಲ್ಲಿ ವಿಹಾರ ಹೊರಟಿದ್ದ ಮುನಿಗಳೊಬ್ಬರು ಬಸ್ತಿಹಳ್ಳಿಯಲ್ಲಿ ನಾಲ್ಕು ದಿನ ನಿಂತರು. ಶೆಟ್ಟರು ವ್ರತ ಕೇಳಿದರು. ಪದದ ಅರ್ಥ ತಿಳಿಯುವ ತನಕ ಕಾಯಬಾರದೇ ಎಂದರೆ, “ಮುನಿಗಳು ಮತ್ತೆ ಈ ದಾರೀಲಿ ಬರೋದು ಗೊತ್ತಿಲ್ಲ, ಪುಸ್ತಕ ಬರೋದೂ ಗೊತ್ತಿಲ್ಲ” ಎಂದರು. ಮನೆ, ಅಂಗಡಿ, ಎರಡು ಹಸು, ಪಂಚೆ ಆರು, ಅಂಗಿ ಆರು ಎಂದು ಪಟ್ಟಿ ಒಪ್ಪಿಸಿದರು. ಮುನಿಗಳು ಕೇಳಿ ಮುಗಿಸಿ, “ನಿನಗೆ ನಿಜವಾಗಿ ಆಸೆ ಇರುವುದು ಯಾವುದರ ಮೇಲೆ?” ಎಂದರು.

“ಪುಸ್ತಕದ ಮೇಲೆ.”

“ಅದು ಪಟ್ಟಿಯಲ್ಲಿ ಇಲ್ಲವಲ್ಲ.”

ಹೀಗೆ ಪುಸ್ತಕವೂ ಪಟ್ಟಿಗೆ ಸೇರಿತು. ಮನೆಗೆ ಓಡಿಬಂದು ಬೀರು ತೆಗೆದು ಎಣಿಸಿದರು. ಶಾಸ್ತ್ರಗ್ರಂಥ, ಪೂಜೆಯ ಪುಸ್ತಕ, ಪಂಚಾಂಗ, ನಿಘಂಟಿನ ಮೊದಲ ಸಂಪುಟ ಎಲ್ಲ ಸೇರಿ ಇಪ್ಪತ್ತಾರು. ಒಂದು ಜಾಗ ಬರಲಿರುವ ಎರಡನೆಯ ಸಂಪುಟಕ್ಕೆ. ಇಪ್ಪತ್ತೇಳು ಎಂದು ಮಿತಿ ಹೇಳಿದರು. “ನಕ್ಷತ್ರಗಳಷ್ಟಾಯಿತು, ಸಾಕು” ಎಂದು ನನ್ನ ಬಳಿ ಹೇಳುವಾಗ ಮುಖದಲ್ಲಿ ಸಮಾಧಾನವಿತ್ತು. ವ್ರತದೊಳಗೇ ಆಸೆಗೊಂದು ಬಾಗಿಲು ಇಟ್ಟುಕೊಂಡ ಜಾಣತನವೂ ಇತ್ತು.

ಎರಡು ವರ್ಷ ಆ ಬಾಗಿಲು ತೆರೆದೇ ಇತ್ತು. ಆಮೇಲೆ ಒಂದು ದಿನ ಬೊಂಬಾಯಿಯಿಂದ ರಿಜಿಸ್ಟರ್ ಕಾಗದ ಬಂತು. ವಿದ್ವಾಂಸರ ಶಿಷ್ಯನೊಬ್ಬ ಭಾರತಕ್ಕೆ ಬಂದವನು ಪುಸ್ತಕವನ್ನು ರೈಲ್ವೆ ಪಾರ್ಸೆಲ್ಲಿನಲ್ಲಿ ಅರಸೀಕೆರೆ ಸ್ಟೇಷನ್ನಿಗೆ ಹಾಕಿ, ರಸೀದಿ ಕಳಿಸಿದ್ದ. ಶೆಟ್ಟರು ಆ ರಸೀದಿಯನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಉಪ್ಪು ಕೊಳ್ಳಲು ಬಂದ ಮುದುಕಿಯೊಬ್ಬಳು ಅದಕ್ಕೆ ಕೈಮುಗಿದು ಹೋದಳು.

ಸುದ್ದಿ ಕೇಳಿ ನನಗೂ ಸಂತೋಷವಾಯಿತು. ಸಂತೋಷದಲ್ಲಿ ಮನುಷ್ಯನಿಗೆ ಋಣ ನೆನಪಾಗುತ್ತದೆ. ವ್ಯಾಕರಣ. ಮೇಜಿನ ಕಾಲೆತ್ತಿ, ಪುಸ್ತಕ ಎಳೆದು, ದೂಳು ಒರೆಸಿ, ರಟ್ಟಿನ ಮೇಲೆ ಮೂಡಿದ್ದ ಚೌಕದ ಗುರುತನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡು, ಅಂಗಡಿಗೆ ಹೋಗಿ ವಿನಯದಿಂದ ಒಪ್ಪಿಸಿದೆ. “ತಡವಾಯ್ತು, ಕ್ಷಮಿಸಬೇಕು.”

ಶೆಟ್ಟರು ಪುಸ್ತಕ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪುಸ್ತಕ ನೋಡಿದರು. ತಕ್ಕಡಿಯ ಪಕ್ಕದ ಮಣೆಯ ಮೇಲೆ ನಿಧಾನವಾಗಿ ಕೂತರು.

“ಇಪ್ಪತ್ತೇಳು,” ಎಂದರು.

ಬೀರು ಎಣಿಸಿದ ದಿನ ಅದು ಬೀರುವಿನಲ್ಲಿರಲಿಲ್ಲ, ನನ್ನ ಮೇಜಿನ ಕೆಳಗಿತ್ತು. ಆದರೆ ಎರವಲು ಕೊಟ್ಟ ಪುಸ್ತಕ ಕೊಟ್ಟವನದೇ. ಜಾಗ ತುಂಬಿಹೋಗಿತ್ತು. ನನ್ನ ಜೀವಮಾನದಲ್ಲಿ ಎರವಲು ಪುಸ್ತಕವನ್ನು ಹಿಂತಿರುಗಿಸಿದ್ದು ಬಹಳ ಕಡಿಮೆ. ಹಿಂತಿರುಗಿಸಿದ ಒಂದು ಸಲ ಹೀಗಾಯಿತು.

ಒಳಗಿನಿಂದ ಅವರ ಮನೆಯವರು ಬಂದರು. ಆ ಅಮ್ಮ ಮಾತಿನಲ್ಲಿ ತೂಕ ತಪ್ಪಿದವರಲ್ಲ. “ಅದಕ್ಕೇನು ಕಷ್ಟ? ಹೋದ ವರ್ಷದ ಪಂಚಾಂಗ ಇನ್ನೂ ಬೀರೂಲಿದೆ. ಅದನ್ನ ಬಿಸಾಕಿ, ಜಾಗ ಆಗುತ್ತೆ.”

“ಬೇಕಾದಾಗ ಒಂದು ಬಿಸಾಕಿ ಇನ್ನೊಂದು ತಗೊಳ್ಳೋದಾದ್ರೆ ಅದು ವ್ರತ ಅಲ್ಲ ಕಣೇ, ಅಂಗಡಿ.”

“ಸರಿ, ಈ ವ್ಯಾಕರಣ ನನಗೇ ಇರಲಿ,” ಎಂದೆ ನಾನು. “ಮೇಜಿಗೂ ಅಭ್ಯಾಸವಾಗಿದೆ.”

“ಇಷ್ಟು ದಿನ ನನ್ನದಾಗಿದ್ದು, ತೊಂದರೆ ಬಂದ ತಕ್ಷಣ ನಿಮ್ಮ ಹೆಸರಿಗೆ ಹೋಗಬೇಕಾ? ಆ ಆರು ತಿಂಗಳ ಬೇಸಾಯಗಾರನಿಗೂ ನಿಮಗೂ ಏನು ವ್ಯತ್ಯಾಸ?”

“ಹತ್ತು ವರ್ಷ ಕಾದಿದೀರಿ ಅಂತ ನೆನಪಿರಲಿ,” ಎಂದರು ಅಮ್ಮ. ಈ ಸಲ ಅವರ ದನಿಯಲ್ಲಿ ಹಾಸ್ಯವಿರಲಿಲ್ಲ. “ಆ ಒಂದು ಪದ ನೋಡೋಕೆ ಕಣ್ಣು ಇರೋ ತನಕ ಆದ್ರೂ ಬರುತ್ತಾ ಅಂತ ನೀವೇ ಕೇಳ್ತಾ ಇದ್ರಿ.”

ಒಬ್ಬ ಗಿರಾಕಿ ಬಂದ. ಶೆಟ್ಟರು ಅರ್ಧ ಕೆಜಿ ಸಕ್ಕರೆ ತೂಗಿ ಕಟ್ಟಿಕೊಟ್ಟರು. ಕಾಗದ ವಾಪಸು ತರಬೇಕೆಂದು ಹೇಳುವುದನ್ನು ಮರೆತರು. ಅಷ್ಟರ ಮಟ್ಟಿಗೆ ಕುಗ್ಗಿದ್ದರು.

ಪಾರ್ಸೆಲ್ಲು ಸ್ಟೇಷನ್ನಿನಲ್ಲಿ ಬಹಳ ದಿನ ಕೂರುವಂತಿಲ್ಲ. ಮೂರನೆಯ ದಿನ ನನ್ನ ಕೋಣೆಗೆ ಬಂದರು. ವ್ಯಾಕರಣವಿಲ್ಲದೆ ಮೇಜು ಅಲ್ಲಾಡುತ್ತಿತ್ತು. ಅದರ ಮೇಲೆ ರಸೀದಿ ಇಟ್ಟರು. ಹಿಂಬದಿಯಲ್ಲಿ, ಈ ಪಾರ್ಸೆಲ್ಲನ್ನು ಇಂಥವರಿಗೆ ಕೊಡತಕ್ಕದ್ದು ಎಂದು ನನ್ನ ಹೆಸರು ಬರೆದು ರುಜು ಹಾಕಿದ್ದರು.

“ಇದು ಇನ್ನೂ ನನ್ನ ಕೈಗೆ ಬಂದಿಲ್ಲ. ಬರೋದೂ ಇಲ್ಲ. ಮೊದಲಿಂದಲೇ ನಿಮ್ಮದು. ಆದ್ರೆ ನಿಜವಾಗಿ ನಿಮ್ಮದಾಗಬೇಕು ಮೇಷ್ಟ್ರೆ, ಹೆಸರಿಗಲ್ಲ.”

“ಅಂದ್ರೆ?”

“ನೀವು ಓದಬೇಕು. ಆ ಭಾಷೆ ಕಲಿಯಬೇಕು. ಮೇಜಿನ ಕೆಳಗೆ ಇಡಬಾರದು.” ರಟ್ಟಿನ ಗುರುತು ಅವರ ಕಣ್ಣಿಗೆ ಬಿದ್ದಿತ್ತು. “ಇನ್ನೊಂದು. ನಾನು ಭಾನುವಾರ ಬಂದು ನೋಡ್ತೀನಿ, ಆದ್ರೆ ನೀವು ಬಿಟ್ಟರೆ ಮಾತ್ರ. ಯಾವತ್ತಾದ್ರೂ ಒಂದು ದಿನ ನೀವು ಕೊಡಲ್ಲ ಅನ್ನಬೇಕು. ಅಲ್ಲೀ ತನಕ ನನಗೆ ಅನುಮಾನವೇ.”

ಶನಿವಾರ ಜಾವಗಲ್ ಮೇಲಿನ ಬಸ್ಸಿನಲ್ಲಿ ಅರಸೀಕೆರೆಗೆ ಹೋಗಿ ಪಾರ್ಸೆಲ್ಲು ಬಿಡಿಸಿಕೊಂಡೆ. ಗೋಣಿಯಲ್ಲಿ ಹೊಲಿದು ಅರಗು ಹಾಕಿದ್ದ ಆ ಗಂಟನ್ನು ವಾಪಸು ಬರುವಾಗ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದವರು ಏನೆಂದು ಕೇಳಿದರು. ‘ಡಿಕ್ಷನರಿ’ ಎಂದರೆ ನಂಬದೆ, ಒಣದ್ರಾಕ್ಷಿ ಇರಬೇಕೆಂದು ಮೂಸಿ ನೋಡಿದರು.

ಭಾನುವಾರ ಬೆಳಿಗ್ಗೆ ಶೆಟ್ಟರು ಬಸದಿಯಿಂದ ನೇರ ಬಂದರು. ಹೊಸ್ತಿಲಲ್ಲಿ ನಿಂತು, “ನೋಡಬಹುದೇ?” ಎಂದು ಕೇಳಿದರು. ಬನ್ನಿ ಎಂದೆ. ಹಾಳೆಗಳನ್ನು ಬೆರಳ ತುದಿಯಿಂದ ಅಲ್ಲ, ಅಂಗೈಯಿಂದ ಸವರುತ್ತಾ ತಿರುವಿದರು. ವಿ ಬಂತು. ಪದ ಸಿಕ್ಕಿತು. ಅಲ್ಲಿ ಮೊದಲ ಅರ್ಥ: ಸಾಮರ್ಥ್ಯ, ಮಾಡಬಲ್ಲ ಶಕ್ತಿ. ಆಮೇಲಿನ ಅರ್ಥ: ಸಂಪತ್ತು. ‘ಮೋಗೆನ್’ ನೋಡು ಎಂದಿತ್ತು. ಅಲ್ಲಿಗೆ ಹೋದರೆ, ಅದು ಹಿಂದೆ ‘ಕೈಲಾಗು’ ಎಂಬ ಅರ್ಥದ ಕ್ರಿಯಾಪದ, ಈಗ ‘ಇಷ್ಟಪಡು’ ಎಂದೂ ಆಗಿದೆ. ಬಲ ಎಂಬರ್ಥದ ‘ಮಾಖ್ಟ್’ ಇದರ ಒಡಹುಟ್ಟು ಎಂದಿತ್ತು. ಮೊದಲು ಕೈಲಾಗುವುದು, ಅದರಿಂದ ಬಲ, ಒಂದು ಕವಲಿನಲ್ಲಿ ಅದು ಇಷ್ಟವಾಯಿತು, ಇನ್ನೊಂದರಲ್ಲಿ ಆಸ್ತಿಯಾಗಿ ಗಟ್ಟಿಗೊಂಡಿತು.

ಶೆಟ್ಟರು ಕನ್ನಡಕ ತೆಗೆದರು.

“ಮೇಷ್ಟ್ರೆ, ನಮ್ಮ ಅಂಗಡಿಗೆ ಮೂಟೆ ಇಳಿಸೋಕೆ ಬರೋ ಹಮಾಲಿ ಗೊತ್ತಲ್ಲ? ಕ್ವಿಂಟಾಲ್ ಅಕ್ಕಿ ಮೂಟೆ ಒಬ್ಬನೇ ಬೆನ್ನ ಮೇಲೆ ಹೊತ್ತು ತಂದು ಇಳಿಸಿ, ಬಸದಿ ಜೀರ್ಣೋದ್ಧಾರಕ್ಕೆ ಏನಾದ್ರೂ ಕೊಡಪ್ಪ ಅಂದ್ರೆ, ‘ನಂಗೆಲ್ಲಿ ಶಕ್ತಿ ಐತೆ ಸ್ವಾಮಿ’ ಅಂದಿದ್ದ. ನಾನು ನಕ್ಕಿದ್ದೆ. ನಗಬಾರದಿತ್ತು. ಜರ್ಮನಿಯವರೂ ಅದನ್ನೇ ಅಂತಾರೆ.”

“ಹಾಗಾದರೆ ಜೇಬು ತೋರಿಸಿದವರೂ ಸರಿ, ತೋಳು ತೋರಿಸಿದವಳೂ ಸರಿ.”

“ತೋಳು ಮೊದಲು,” ಎಂದರು. ಕನ್ನಡಕ ಒರೆಸುತ್ತಾ, “ಆ ನಾಲ್ಕೆಕರೆ ಹೋಯ್ತು ಅಂತ ನೆಂಟರು ಅತ್ತರು. ಅದು ನನ್ನ ಫೆರ್ಮೋಗೆನ್ ಆಗಿರಲೇ ಇಲ್ಲ ಕಣ್ರೀ. ನನಗೆ ನೇಗಿಲು ಹಿಡಿಯೋಕೆ ಬರ್ತಿರಲಿಲ್ಲ. ಕೈಲಾಗದೆ ಇದ್ದಿದ್ದನ್ನ ಇಟ್ಕೊಂಡಿದ್ದೆ, ಅಷ್ಟೆ.”

ಅಂದು ರಾಜನ ಸುದ್ದಿಯನ್ನೂ ನೋಡಿದೆವು. ಸಿರಿತನಕ್ಕೆ ಅವರಲ್ಲಿರುವ ‘ರೈಖ್‌ಟುಮ್’ ನಮ್ಮ ‘ರಾಜ’ನ ದೂರದ ನೆಂಟನಂತೆ. ‘ಶಾಟ್ಸ್’ ಎಂದರೆ ನಿಧಿ. ಅವರು ಹೆಂಡತಿಯನ್ನೂ ಪ್ರೀತಿಯಿಂದ ಹಾಗೇ ಕರೆಯುತ್ತಾರಂತೆ. ಶೆಟ್ಟರು ಬಹಳ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದು, “ಮನೇಲಿ ಅಂದು ನೋಡಲೇ?” ಎಂದರು. ಮರುದಿನ ಏನಾಯಿತೆಂದು ಕೇಳಿದೆ. “ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡಿದ್ಲು” ಎಂದರು.

ಹೀಗೆ ಭಾನುವಾರಗಳು ನಡೆದವು. ಪ್ರತಿ ಸಲವೂ ಹೊಸ್ತಿಲಲ್ಲಿ ನಿಂತು “ನೋಡಬಹುದೇ?” ಎನ್ನುವರು, ಪ್ರತಿ ಸಲವೂ ನಾನು ಬನ್ನಿ ಎನ್ನುವೆ, ಅವರ ಮುಖದಲ್ಲಿ ಒಂದು ಎಳೆ ನಿರಾಸೆ ಹಾದುಹೋಗುವುದು. ಕೊಡಲ್ಲ ಎನ್ನಲು ನಾಲಗೆ ಹೊರಳಬೇಕಲ್ಲ. ಎರಡು ಸಲ ಪ್ರಯತ್ನಪಟ್ಟೆ. “ನಾಟಕ ಬೇಡ ಮೇಷ್ಟ್ರೆ” ಎಂದು ಒಳಗೆ ಬಂದು ಕೂತರು.

ಈ ನಡುವೆ ನಾನು ನಿಜಕ್ಕೂ ಓದತೊಡಗಿದ್ದೆ. ಮೊದಮೊದಲು ಮಾತು ಕೊಟ್ಟ ತಪ್ಪಿಗೆ, ಆಮೇಲೆ ಸುಮ್ಮನೆ. ಒಂದು ಭಾನುವಾರ ‘ದನ’ವನ್ನು ಬೆನ್ನಟ್ಟಿದ್ದೆ. ಜರ್ಮನರ ‘ಫೀ’ ಎಂದರೆ ಜಾನುವಾರು. ಅದೇ ಮೂಲದ ಲ್ಯಾಟಿನ್ ಪದದಿಂದ ಹಣಕ್ಕೆ ಹೆಸರು ಬಂದಿದೆ. ನಾವು ‘ಧನ’ವನ್ನೇ ದನ ಮಾಡಿ ಕೊಟ್ಟಿಗೆಯಲ್ಲಿ ಕಟ್ಟಿದ್ದೇವೆ. ಈ ಕಡೆ ಒಲೆ ಹಚ್ಚುವ ಮನಸ್ಸಿಲ್ಲ, ಹೊಟ್ಟೆ ಹಸಿದದ್ದು ತಿಳಿಯುತ್ತಿಲ್ಲ. ಬಾಗಿಲಲ್ಲಿ ಯಾರೋ “ನೋಡಬಹುದೇ?” ಎಂದರು.

“ಇವತ್ತು ಆಗಲ್ಲ ಹೋಗ್ರೀ, ನಾನು ಓದ್ತಾ ಇದೀನಿ” ಎಂದೆ, ತಲೆಯೆತ್ತದೆ.

ತಲೆಯೆತ್ತಿದರೆ ಶೆಟ್ಟರು ನಿಂತಿದ್ದರು. ಮಗಳ ಮದುವೆ ಗೊತ್ತಾದ ತಂದೆಯ ಹಾಗೆ ಮುಖ ಅರಳಿತ್ತು. ಚಪ್ಪಲಿ ಮೆಟ್ಟಿ ಹೊರಟುಹೋದರು. ಸ್ವಲ್ಪ ಹೊತ್ತಿನಲ್ಲಿ ಅಮ್ಮ ಬಂದು ಒಂದು ಪೊಟ್ಟಣ ಕಲ್ಲುಸಕ್ಕರೆ ಕೊಟ್ಟು, “ಏನಂದ್ರಿ ಇವರಿಗೆ? ಅಂಗಡೀಲಿ ಒಬ್ರೇ ಕೂತು ನಗ್ತಾ ಇದಾರೆ” ಎಂದರು. ಸಂಜೆ ಹಲಗೆ ಮುಚ್ಚುವ ಮೊದಲು ಶೆಟ್ಟರೇ ಬಂದು ಆ ಕಾಗದ ಈಸಿಕೊಂಡು ಹೋದರು.

ನಿಜವಾಗಿ ನನ್ನದಾದದ್ದರ ಫಲ ಮುಂದಿನ ವರ್ಷ ತಿಳಿಯಿತು. ಊರಿಗೆ ವರ್ಗ ಬೇಕೆಂದು ನಾನು ಆರು ವರ್ಷದಿಂದ ಬರೆದುಕೊಳ್ಳುತ್ತಿದ್ದ ಅರ್ಜಿ, ಯಾರ ತಪ್ಪಿನಿಂದಲೋ, ಮಂಜೂರಾಯಿತು. ಅರಸೀಕೆರೆಗೆ ಹೋಗಬೇಕು. ಸಾಮಾನು ಕಟ್ಟುವಾಗ ನಿಘಂಟನ್ನು ಕೈಯಲ್ಲಿ ಹಿಡಿದು ನಿಂತೆ. ಬಿಟ್ಟು ಹೋಗುವಂತಿಲ್ಲ, ಬಿಟ್ಟರೆ ಅವರ ವ್ರತ ಕೆಡುತ್ತದೆ. ಬಸ್ ಸ್ಟ್ಯಾಂಡಿಗೆ ಬಂದ ಶೆಟ್ಟರು ಟ್ರಂಕನ್ನು ಎತ್ತಿ ನೋಡಿ, “ಇದೆಯಾ ಒಳಗೆ?” ಎಂದರು. ಇದೆ ಎಂದೆ. “ಸರಿ” ಎಂದರು. ಬಸ್ಸು ಹೊರಟಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಮೇಲೆ ಕಟ್ಟಿದ್ದ ಟ್ರಂಕಿನ ಕಡೆ ನೋಡುತ್ತಿದ್ದರು.

ಆಮೇಲೆ ತಿಂಗಳಿಗೊಂದು ಕಾರ್ಡು. ಕ್ಷೇಮ ಒಂದು ಸಾಲು, ಮಳೆ ಒಂದು ಸಾಲು, ಕೊನೆಗೆ, “ತಮಗೆ ಬಿಡುವಿದ್ದು, ಮನಸ್ಸೂ ಇದ್ದಲ್ಲಿ, ಈ ಕೆಳಗಿನ ಪದ ನೋಡಿ ತಿಳಿಸುವುದು.” ನಾನು ನೋಡಿ ಬರೆಯುತ್ತಿದ್ದೆ. ವರ್ಷಕ್ಕೊಮ್ಮೆ, ಅವರ ಸಮಾಧಾನಕ್ಕೆಂದು, “ಈ ಸಲ ಬಿಡುವಿಲ್ಲ” ಎಂದೂ ಬರೆಯುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಕಾರ್ಡುಗಳು ನಿಂತವು. ಶೆಟ್ಟರು ತೀರಿಕೊಂಡ ಸುದ್ದಿ ತಿಳಿದು ಹೋಗಿಬಂದೆ. ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಒಬ್ಬರೇ ಬಸ್ಸಿನಲ್ಲಿ ಅರಸೀಕೆರೆಗೆ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಬಟ್ಟೆಯ ಚೀಲ. ನೀರು ಕುಡಿದು, ಚೀಲದಿಂದ ನಿಘಂಟಿನ ಮೊದಲ ಸಂಪುಟ ತೆಗೆದು ಮೇಜಿನ ಮೇಲಿಟ್ಟರು.

“ಇಪ್ಪತ್ತಾರು ಬಸದಿಗೆ ಕೊಡು, ಇದೊಂದು ಮೇಷ್ಟ್ರಿಗೆ ಅಂತ ಹೇಳಿದ್ರು. ಎರಡೂ ಒಂದು ಕಡೆ ಇರಲಿ ಅಂತ.” ಆಮೇಲೆ ಇನ್ನೂ ಒಂದು ಗಂಟು ತೆಗೆದರು. ಅಂಗಡಿಯ ಸೆಣಬಿನ ದಾರದಲ್ಲಿ ಅಡ್ಡ ಉದ್ದ ಕಟ್ಟಿದ ಪೊಟ್ಟಣದ ಕಾಗದಗಳು, ಒಂದು ಮೊಳ ಎತ್ತರ. “ಇದನ್ನ ಹೊಲಿಸಿ ರಟ್ಟು ಹಾಕಿಸಿ, ಒಂದು ಪುಸ್ತಕ ಆಗುತ್ತಲ್ಲ ಅಂತ ನಾನು ಎಷ್ಟು ಸಲ ಅಂದೆ. ಪುಸ್ತಕ ಆದ್ರೆ ಇಪ್ಪತ್ತೆಂಟಾಗುತ್ತೆ, ಬೇಡ ಅಂತಿದ್ರು. ಬಿಡಿ ಕಾಗದವಾಗೇ ಇಟ್ರು. ಏನಿದೆಯೋ ನೀವೇ ನೋಡಿ, ನನಗೆ ಓದೋಕೆ ಬರಲ್ಲ.”

ಅವರನ್ನು ನಾಲ್ಕು ಗಂಟೆಯ ಬಸ್ಸಿಗೆ ಹತ್ತಿಸಿ, ಕತ್ತಲಾಗುವ ಮುಂಚೆ ಊರು ಸೇರಬೇಕೆಂದು ಕಂಡಕ್ಟರಿಗೆ ಎರಡು ಸಲ ಹೇಳಿ, ಮನೆಗೆ ಬಂದು ದಾರ ಬಿಚ್ಚಿದೆ. ಕೋಣೆಯೆಲ್ಲ ಜೀರಿಗೆ, ಬೆಲ್ಲ, ಹುಣಸೆಹಣ್ಣಿನ ವಾಸನೆ. ಎಲ್ಲಕ್ಕೂ ಮೇಲಿದ್ದ ಕಾಗದದ ಮೂಲೆಗಳಲ್ಲಿ ಕಲ್ಲುಸಕ್ಕರೆಯ ಪುಡಿ ಇನ್ನೂ ಅಂಟಿಕೊಂಡಿತ್ತು. ಅದರ ಒಳಮೈಯಲ್ಲಿ ಜರ್ಮನ್ ಇರಲಿಲ್ಲ, ಬಾಣದ ಗುರುತೂ ಇರಲಿಲ್ಲ. ಪೆನ್ಸಿಲಿನಲ್ಲಿ ಒಂದೇ ಸಾಲು.

“ಮೇಷ್ಟ್ರೆ, ಕಾಗದಾನೂ ನಿಮ್ದೇ.”